ಹಣ್ಣು ಹುಳುವಿನ ಮುಂದೆ ಪುಟ್ಟಬಸಮ್ಮ

ಹರವೆ ಹೋಬಳಿಯ ಆ ಊರಿನಲ್ಲಿ ಪುಟ್ಟಬಸಮ್ಮನ ಮನೆ ಎಲ್ಲಿ ಎಂದು ಕೇಳಿದರೆ ‘ಯಾವ ಪುಟ್ಟಬಸಮ್ಮ?’ ಎಂದೇ ಕೇಳುತ್ತಾರೆ. ಹತ್ತು ಕೈ ಪುಟ್ಟಬಸಮ್ಮ ಎಂದರೆ ಮಾತ್ರ ಮನೆ ಬಾಗಿಲವರೆಗೆ ಬಂದು ಬಿಟ್ಟು ಹೋಗುತ್ತಾರೆ. ಈ ಹೆಸರು ಹೊಗಳಿಕೆಯೋ ಗೇಲಿಯೋ ಎಂದರೆ ಎರಡೂ ಹೌದು, ಆದರೆ ಹೊಗಳಿಕೆಯ ಪಾಲೇ ದೊಡ್ಡದು. ಬೆಳಗಿನ ಹೊತ್ತು ಅವಳ ಜಗುಲಿಯ ಮುಂದೆ ಹಾದು ಹೋಗುವವರು ಒಂದು ಗಳಿಗೆ ನಿಂತು ನೋಡಿಯೇ ಮುಂದಕ್ಕೆ ಹೋಗುತ್ತಿದ್ದರು. ಒಳಗೆ ಮುದ್ದೆಗೆ ಎಸರು ಇಟ್ಟಿರುತ್ತಾಳೆ. ಅದು ಕುದಿ ಬರುವುದರೊಳಗೆ ಕೊಟ್ಟಿಗೆಯಲ್ಲಿ ಒಂದು ಹಸು ಕರೆದಾಗಿರುತ್ತದೆ. ಜಗುಲಿಗೆ ಬಂದು ಮೊರದಲ್ಲಿ ಹುರುಳಿ ಕೇರುತ್ತಾಳೆ, ಮೊರಕ್ಕೆ ಬಾಯಿ ಹಾಕಲು ಬಂದ ಕರುವನ್ನು ಕಾಲಿನಿಂದ ಅತ್ತ ತಳ್ಳುತ್ತಾಳೆ. ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿದ ಫೋನಿನಲ್ಲಿ ಗುಂಡ್ಲುಪೇಟೆಯ ತಂಗಿ ಸುಂದ್ರಮ್ಮನ ಸಂಸಾರವನ್ನು ಇಲ್ಲಿಂದಲೇ ನಡೆಸುತ್ತಾಳೆ. ಇಷ್ಟರ ಮಧ್ಯೆ ಬೀದಿಯಲ್ಲಿ ಹೋಗುವವನನ್ನೂ ಬಿಡುವವಳಲ್ಲ. “ಏನ್ಲಾ, ಅರವೆಗಾ? ಬರ್ವಾಗ ಒಂದ್ ಬೆಂಕಿಪೊಟ್ಣ ತಕಂಬಾ!” ಅಷ್ಟು ಹೇಳಿ ಎದ್ದು ಒಳಗೆ ಹೋದರೆ ಎಸರು ಆಗ ತಾನೇ ಕುದಿಯಲು ಶುರುವಾಗಿರುತ್ತದೆ.

ಬೆಳಗಿನ ಲಿಂಗಪೂಜೆಯನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಎಡ ಅಂಗೈಯಲ್ಲಿ ಲಿಂಗ, ಬಾಯಲ್ಲಿ ಮಂತ್ರ, ಕಣ್ಣು ಮಾತ್ರ ಒಲೆಯ ಮೇಲಿನ ಹಾಲಿನ ಪಾತ್ರೆಯಲ್ಲಿ. ಶಿವನಿಗೆ ಇದು ತಿಳಿಯದೆ ಇರುತ್ತದೆಯೇ? ಅವನೂ ಊರಿನವರ ಹಾಗೆ ಬೆರಗಾಗಿ ಸುಮ್ಮನಿದ್ದನೆಂದು ಕಾಣುತ್ತದೆ.

ಈ ಹತ್ತು ಕೈ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಗಂಡ ಪುಟ್ಟಮಲ್ಲಪ್ಪ ಎದೆನೋವೆಂದು ಹೊಲದ ಬದುವಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಗ ಮಗ ಮಹದೇವ ಮೂರನೇ ಕ್ಲಾಸು. ಗಂಡಹೆಂಡಿರು ಸೇರಿ ನೆಟ್ಟ ಹಿಪ್ಪುನೇರಳೆ ಸೊಪ್ಪು ಅದೇ ವರ್ಷ ಮೊದಲ ಕುಯ್ಲಿಗೆ ಬಂದಿತ್ತು, ರೇಷ್ಮೆಯ ಹುಳುಮನೆಗೆ ಗೋಡೆ ಎದ್ದು ಸೂರು ಹೊದಿಸುವುದಷ್ಟೇ ಬಾಕಿ ಇತ್ತು. ನೆಂಟರು ಬಂದರು, ಅತ್ತರು, ಉಂಡರು, ಜಮೀನನ್ನು ಯಾರಿಗಾದರೂ ವಾರಕ್ಕೆ, ಬೆಳೆಯ ಪಾಲಿಗೆ ಕೊಟ್ಟುಬಿಡು ಎಂದು ಹೇಳಿ ಹೋದರು. ಪುಟ್ಟಬಸಮ್ಮ ಕೊಡಲಿಲ್ಲ. ಇದ್ದ ಎರಡು ಕೈಯಲ್ಲಿ ನಾಲ್ವರ ಕೆಲಸ ಮಾಡಬೇಕಾದರೆ ಒಂದರ ಮೇಲೊಂದು ಹೇರಿಕೊಂಡೇ ಮಾಡಬೇಕು. ಹಾಗೆ ಮಾಡುತ್ತ ಮಾಡುತ್ತ ಅದೇ ಅವಳ ನಡಿಗೆಯಾಯಿತು. ಆಮೇಲೆ ಮಗ ಬೆಳೆದ, ಗೂಡ್ಸ್ ಆಟೊ ತೆಗೆದುಕೊಂಡು ಗುಂಡ್ಲುಪೇಟೆಗೆ ಹೂವು ತರಕಾರಿ ಸಾಗಿಸತೊಡಗಿದ, ಮನೆಗೆ ಸೊಸೆ ಬಂದಳು. ಒಂದೊಂದಾಗಿ ಕೆಲಸ ಇಳಿಸಿಕೊಳ್ಳುವ ಕಾಲ ಬಂದರೂ ಪುಟ್ಟಬಸಮ್ಮ ಇಳಿಸಲಿಲ್ಲ. ಕೈ ಖಾಲಿಯಾದರೆ ಅವಳಿಗೆ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು.

ಅಷ್ಟೂ ಕೆಲಸದ ನಡುವೆ ಅವಳ ಜೀವ ಇದ್ದದ್ದು ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕಿದವರ ಮನೆಗೆ ಹೋಗಿ ನಿಂತು ನೋಡಬೇಕು. ಸಾಸಿವೆಗಿಂತ ಸಣ್ಣದಾಗಿ ಬಂದದ್ದು ಒಂದು ತಿಂಗಳೊಳಗೆ ಕಿರುಬೆರಳಿನಷ್ಟಾಗುತ್ತದೆ. ನಾಲ್ಕು ಸಲ ತಿನ್ನುವುದು ಬಿಟ್ಟು ತಲೆ ಎತ್ತಿ ಅಲುಗದೆ ಕೂತು ಪೊರೆ ಕಳಚುತ್ತದೆ, ಅದಕ್ಕೆ ನಮ್ಮ ಜನ ‘ಜ್ವರಕ್ಕೆ ಕೂತವೆ’ ಎನ್ನುತ್ತಾರೆ. ಕಡೆಯ ಜ್ವರ ಬಿಟ್ಟ ಮೇಲೆ ಶುರುವಾಗುತ್ತದೆ ನೋಡಿ ತಿನ್ನುವುದು! ಬಾಗಿಲು ತೆಗೆದರೆ ಒಳಗೆ ಮಳೆ ಹುಯ್ಯುವ ಸದ್ದು. ಸಾವಿರ ಸಾವಿರ ಬಾಯಿ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಅದು. ಆ ಸದ್ದು ಕೇಳಿದರೆ ಪುಟ್ಟಬಸಮ್ಮನಿಗೆ ಹೊಟ್ಟೆ ತುಂಬುತ್ತಿತ್ತು.

ಸೊಸೆ ನಾಗಲಕ್ಷ್ಮಿ ಪುಣಜನೂರಿನ ಕಡೆಯ ಹುಡುಗಿ. ಕಾಡಿನ ಅಂಚಿನಲ್ಲಿ ಬೆಳೆದವಳು. ಅತ್ತೆಗೆ ಹತ್ತು ಕೈಯಾದರೆ ಇವಳಿಗೆ ಒಂದೂವರೆ ಎಂದು ಊರು ಆಡಿಕೊಂಡಿತು. ಸಾರಿಗೆ ಒಗ್ಗರಣೆ ಹಾಕುತ್ತಿರುವಾಗ ಮಾತಾಡಿಸಿದರೆ ಉತ್ತರವಿಲ್ಲ, ಒಗ್ಗರಣೆ ಇಳಿಸಿದ ಮೇಲೆ ತಿರುಗಿ “ಏನಂದ್ರಿ?” ಎನ್ನುತ್ತಾಳೆ. ಪಾತ್ರೆ ತೊಳೆಯುವಾಗ ಪಾತ್ರೆ, ಸೊಪ್ಪು ಕುಯ್ಯುವಾಗ ಸೊಪ್ಪು. ಪುಟ್ಟಬಸಮ್ಮನಿಗೆ ಇದನ್ನು ನೋಡಿ ನೋಡಿ ಮೈ ಪರಚಿಕೊಳ್ಳುವಂತಾಗುತ್ತಿತ್ತು. “ಏನಮ್ಮಿ, ನಿಮ್ಮೂರಲ್ಲಿ ಎಲ್ಲ ಇಂಗೇಯಾ?” ಎಂದು ಒಂದು ದಿನ ರೇಗಿದಳು.

ನಾಗಲಕ್ಷ್ಮಿ ಕೈಯಲ್ಲಿದ್ದ ಚೊಂಬನ್ನು ಬೋರಲು ಹಾಕಿ ಆಮೇಲೆ ಹೇಳಿದಳು: “ಊ ಕಣತ್ತೆ. ನಮ್ ಕಡೆ ಸೌದೆಗೆ ಓದಾಗ ಮಾತಾಡ್ಕಂಡ್ ಓಗಂಗಿಲ್ಲ. ಆನೆ ಕಿವಿ ಬಡಿಯ ಸದ್ದು ಕೇಳ್ಸಲ್ಲ.”

ಪುಟ್ಟಬಸಮ್ಮ ಮೂಗು ಮುರಿದು ಕೊಟ್ಟಿಗೆಗೆ ಹೋದಳು.

ಹೋದ ಬೆಳೆಯಲ್ಲಿ ಹುಳು ಅರ್ಧಕ್ಕರ್ಧ ಸತ್ತವು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಸದ್ದೇ ಇಲ್ಲ. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಪುಟ್ಟಬಸಮ್ಮ ಮಾತ್ರ ಕಾರಣ ಹುಡುಕಲು ದೂರ ಹೋಗಲಿಲ್ಲ. ಸೊಸೆ ನಿಧಾನ, ಹೊತ್ತಿಗೆ ಸರಿಯಾಗಿ ಸೊಪ್ಪು ಕೊಟ್ಟಿಲ್ಲ ಎಂದಳು. ನಾಗಲಕ್ಷ್ಮಿ ಎದುರಾಡಲಿಲ್ಲ. ಮಹದೇವ ಇಬ್ಬರನ್ನೂ ನೋಡಿದ, ಆಮೇಲೆ ತಾನು ಬಹಳ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಹೊರಗೆ ಹಾಕಿದ.

“ಅವ್ವ, ಮುಂದಿನ್ ಬೆಳೆ ಒಂದ್ ನೋಡ್ತಿನಿ. ಅದೂ ಕೈ ಕೊಟ್ರೆ ಸೊಪ್ಪೆಲ್ಲ ಕೀಳ್ಸ್ಬುಟ್ಟು ಚೆಂಡುವ್ವ ಆಕದೇಯ. ಟ್ರ್ಯಾಕ್ಟರ್ನೋನ್ಗೂ ಯೋಳಿವ್ನಿ.”

“ನಿಮ್ಮಪ್ಪ ನೆಟ್ಟ ಸೊಪ್ಪು ಕಣ್ಲಾ ಅದು.”

“ನೆಟ್ಟದ್ದು ಅಪ್ಪ ಸರಿ. ಸಾಯ್ತಿರದು ನಮ್ ಹುಳ ಅಲ್ವಾ?”

ಅವನು ಕೆಟ್ಟವನಲ್ಲ. ಅಕ್ಕಪಕ್ಕದ ಹೊಲಗಳೆಲ್ಲ ಚೆಂಡುಹೂವಿನಿಂದ ಹಳದಿಯಾಗಿದ್ದವು, ಓಣಂ ಹತ್ತಿರವಾದರೆ ಗಡಿಯಾಚೆಯ ವ್ಯಾಪಾರಿಗಳು ಬಂದು ಹೊಲದಲ್ಲೇ ಹೂವು ತುಂಬಿಸಿಕೊಂಡು ಹೋಗುತ್ತಿದ್ದರು. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಪುಟ್ಟಬಸಮ್ಮನಿಗೆ ಆ ಮಾತು ಕೇಳಿ ಕಾಲಡಿಯ ನೆಲ ಅಲ್ಲಾಡಿತು. ಗಂಡ ಹೋದ ಮೇಲೆ ಅವಳನ್ನು ನಿಲ್ಲಿಸಿದ್ದು ಆ ಸೊಪ್ಪು, ಆ ಹುಳುಮನೆ. ಅದನ್ನು ಕಿತ್ತರೆ ಅವಳಿಗೆ ಉಳಿಯುವುದು ಬರೀ ಕೆಲಸ. ಈ ಬೆಳೆ ಉಳಿಯಲೇಬೇಕು ಎಂದು ಅವಳು ಅಂಗೈಯಲ್ಲಿ ಲಿಂಗ ಹಿಡಿದು ಬೇಡಿಕೊಂಡಳು. ಆಗಲೂ ಕಣ್ಣು ಹಾಲಿನ ಕಡೆಗಿತ್ತೋ ಇಲ್ಲವೋ ನಾನು ಹೇಳಲಾರೆ.

ಹೊಸ ಬೆಳೆ ಚೆನ್ನಾಗಿಯೇ ಎದ್ದಿತು. ನಾಲ್ಕೂ ಜ್ವರ ಸುಸೂತ್ರವಾಗಿ ಕಳೆದವು. ಹುಳುಮನೆಯ ಮೂರು ಅಟ್ಟಣೆಗಳ ತುಂಬ ದಪ್ಪ ದಪ್ಪ ಬಿಳಿ ಹುಳು, ಇನ್ನೇನು ಕೆಲವೇ ದಿನಕ್ಕೆ ಹಣ್ಣಾಗುವಂಥವು. ಹಣ್ಣಾಗುವುದೆಂದರೆ ತಿನ್ನುವುದು ಬಿಟ್ಟು ನೂಲು ಬಿಡಲು ತಯಾರಾಗುವುದು. ಮಹದೇವನೂ ಒಮ್ಮೆ ಬಾಗಿಲಲ್ಲಿ ನಿಂತು ಸದ್ದು ಕೇಳಿಸಿಕೊಂಡು ಹೋದ.

ಆ ದಿನ ಬೆಳಗ್ಗೆ ಪುಟ್ಟಬಸಮ್ಮ ಹೊಲದ ಬೇಲಿಯ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದರಲ್ಲಿ ಕುಡುಗೋಲು, ಕಿವಿಯಲ್ಲಿ ಸುಂದ್ರಮ್ಮ. ಸುಂದ್ರಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕಾಯಿಹೋಳಿಗೆಯೋ ಬೇಳೆಹೋಳಿಗೆಯೋ ಎಂದು ಅಕ್ಕತಂಗಿಯರು ತೀರ್ಮಾನಕ್ಕೆ ಬರುತ್ತಿದ್ದಾಗ ಬೇಲಿಯಾಚೆಯಿಂದ ಶಾಂತರಾಜು ಕೂಗಿದ. ಪಕ್ಕದ ಹೊಲದಲ್ಲಿ ಚೆಂಡುಹೂವು ಹಾಕಿದ್ದವನು ಅವನೇ.

“ಬಸಕ್ಕ, ನೆನ್ನೆ ಸಂದೇಲಿ ಉವ್ವಕ್ಕೆ ಔಸ್ದಿ ಒಡ್ದಿವ್ನಿ. ಗಾಳಿ ನಿಮ್ ಕಡೀಕೇ ಬೀಸ್ತಿತ್ತು. ಬೇಲಿ ಪಕ್ಕದ್ ಸಾಲಿನ್ ಸೊಪ್ಪ ವಸಿ ದಿನ ಮುಟ್ಬ್ಯಾಡಿ ಕಣಕ್ಕ, ಹುಳಕ್ಕೆ ಆಗ್ಬರಲ್ಲ.”

“ಊ ಕಣಪ್ಪ, ಊ” ಎಂದಳು ಪುಟ್ಟಬಸಮ್ಮ. ಆ ‘ಊ’ ಶಾಂತರಾಜುವಿಗೆ ಹೇಳಿದ್ದೋ ಸುಂದ್ರಮ್ಮನ ಕಾಯಿಹೋಳಿಗೆಗೆ ಹೇಳಿದ್ದೋ ಅವಳಿಗೇ ಗೊತ್ತಿರಲಿಲ್ಲ. ಒಳ್ಳೆಯವನು, ಹೇಳುವ ಮಾತು ಹೇಳಿದೆನೆಂದು ಅವನು ತನ್ನ ಕೆಲಸಕ್ಕೆ ಹೋದ.

ಬೆಳಗಿನ ಸೊಪ್ಪು ತರುವುದು ನಾಗಲಕ್ಷ್ಮಿಯ ಪಾಲಿನ ಕೆಲಸ. ಅವಳು ಆಗ ಹುಳುಮನೆಯಲ್ಲಿ ಕಸ ತೆಗೆಯುತ್ತಿದ್ದಳು, ಅಂದರೆ ಕಸ ಮಾತ್ರ ತೆಗೆಯುತ್ತಿದ್ದಳು. ಅವಳು ಬಂದು ಕುಯ್ಯುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಾನೆ ಎಂದುಕೊಂಡ ಪುಟ್ಟಬಸಮ್ಮ ಹಸುವನ್ನು ಗೂಟಕ್ಕೆ ಕಟ್ಟಿ, ಫೋನನ್ನು ಸೆರಗಿನಿಂದ ಕಿವಿಗೆ ಬಿಗಿದು, ನಿಂತಲ್ಲಿಂದಲೇ ಕುಯ್ಯಲು ಶುರು ಮಾಡಿದಳು. ನಿಂತದ್ದು ಬೇಲಿಯ ಪಕ್ಕ. ಹೊರೆ ಕಟ್ಟಿ, ಹೊತ್ತು, ಹುಳುಮನೆಗೆ ಬಂದು ಮೊದಲನೆಯ ಅಟ್ಟಣೆಯ ಮೇಲೆಲ್ಲ ಕಡ್ಡಿಸೊಪ್ಪು ಹರಡಿ, “ಮಿಕ್ಕಿದ್ದಕ್ಕೆ ನೀ ತಂದಾಕು, ಒಲೆ ಮ್ಯಾಲೆ ಸಾರದೆ” ಎಂದು ಹೇಳಿ ಓಡಿದಳು. ಹೋಳಿಗೆ ಅಷ್ಟು ಹೊತ್ತಿಗೆ ತೀರ್ಮಾನವಾಗಿತ್ತು.

ಸಾರಿಗೆ ಉಪ್ಪು ಹಾಕುತ್ತಿರುವಾಗ ನಾಗಲಕ್ಷ್ಮಿ ಬಾಗಿಲಿಗೆ ಬಂದು ನಿಂತಳು. ಓಡಿ ಬಂದಿದ್ದಳು. ಆ ಮನೆಗೆ ಬಂದ ಮೇಲೆ ಅವಳು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

“ಅತ್ತೆ, ಬ್ಯಾಗ ಬನ್ನಿ. ಹುಳ ತಲೆ ಎತ್ತಿ ಒದ್ದಾಡ್ತವೆ.”

ಪುಟ್ಟಬಸಮ್ಮ ಹೋಗಿ ನೋಡಿದಳು. ಮೊದಲನೆಯ ಅಟ್ಟಣೆಯ ಹುಳುಗಳು ತಿನ್ನುವುದು ಬಿಟ್ಟು ತಲೆ ಮೇಲಕ್ಕೆತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಕೆಲವು ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಮುದುಡಿ ಸಣ್ಣಗಾಗಿದ್ದವು. ಇಷ್ಟು ವರ್ಷ ಹುಳು ಸಾಕಿದವಳು, ಕಂಡೊಡನೆ ಔಷಧಿ ಎಂದು ತಿಳಿಯಿತು. ಔಷಧಿ ಎಂದ ಕೂಡಲೇ ಶಾಂತರಾಜುವಿನ ಮಾತು ಪೂರ್ತಿಯಾಗಿ, ಒಂದಕ್ಷರ ಬಿಡದೆ ಕಿವಿಗೆ ಬಂತು. ಬೆಳಗ್ಗೆ ಒಳಗೆ ಬಾರದೆ ಹೊರಗೇ ನಿಂತಿದ್ದ ಮಾತು ಈಗ ಬಂದಿತ್ತು.

“ಈ ಸೊಪ್ಪ ಎಲ್ಲಿ ಕುಯ್ದ್ರಿ ಅತ್ತೆ?”

“ಬೇಲಿ ತಾವು” ಎಂದಳು ಪುಟ್ಟಬಸಮ್ಮ.

ನಾಗಲಕ್ಷ್ಮಿ ಕಿಟಕಿಗಳನ್ನೆಲ್ಲ ತೆಗೆದಳು. ಸೊಪ್ಪಿನ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ, ಅದಕ್ಕೆ ಅಂಟಿದ ಹುಳುವನ್ನು ಬಿಡಿಸಿ, ಇನ್ನೂ ಗಟ್ಟಿಯಾಗಿದ್ದವನ್ನು ಹೊಸ ಕಾಗದದ ಮೇಲೆ ಬಿಡತೊಡಗಿದಳು. ಪುಟ್ಟಬಸಮ್ಮನೂ ಕೈ ಹಾಕಿದಳು. ನಾಲ್ಕು ಹುಳು ಎತ್ತುವಷ್ಟರಲ್ಲಿ ಫೋನು ಕೂಗಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಹಸು ಕೂಗಿತು, ತಲೆ ಕೊಟ್ಟಿಗೆಯ ಕಡೆ ತಿರುಗಿತು. ಸಾರು ನೆನಪಾಯಿತು, ಎದ್ದು ನಿಂತಳು.

“ಅತ್ತೆ!”

ನಾಗಲಕ್ಷ್ಮಿಯ ಗಂಟಲಿನಿಂದ ಅಂಥ ದನಿ ಬರಬಹುದೆಂದು ಪುಟ್ಟಬಸಮ್ಮ ಎಣಿಸಿರಲಿಲ್ಲ.

“ಫೋನ ಆಚೆ ಮಡುಗ್ಬುಟ್ಟು ಬನ್ನಿ. ಸಾರು ಒತ್ತೋಗ್ಲಿ ಬುಡಿ, ಹಸ ಕೂಗ್ಕಳ್ಲಿ. ಈಗ ಹುಳ ಒಂದೇಯ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆ ಎರಡಾಗುತ್ತಿತ್ತು. ಪುಟ್ಟಬಸಮ್ಮ ಫೋನನ್ನು ಹೊರಗಿನ ಕಲ್ಲಿನ ಮೇಲಿಟ್ಟು ಬಂದು ಕೂತಳು. ಕೂತು ಹುಳು ಎತ್ತಿದಳು. ಬೆರಳಿಗೆ ತಣ್ಣಗೆ, ಮೆತ್ತಗೆ, ಜೀವ ಇದೆಯೋ ಇಲ್ಲವೋ ಎಂದು ಪ್ರತಿಯೊಂದನ್ನೂ ನೋಡಬೇಕು. ಒಂದನ್ನು ನೋಡುವಾಗ ಇನ್ನೊಂದರ ಕಡೆ ಕಣ್ಣು ಹೋದರೆ ಸತ್ತದ್ದು ಬದುಕಿದ್ದರ ಜೊತೆ ಸೇರುತ್ತದೆ. ಸಾರು ಸೀದ ವಾಸನೆ ಬಂತು. ಆಮೇಲೆ ಅದೂ ನಿಂತಿತು. ಹುಳು, ಮತ್ತೆ ಹುಳು, ಮತ್ತೆ ಹುಳು. ಹೀಗೆ ಒಂದೇ ಕೆಲಸದ ಮುಂದೆ ಅವಳು ಕೂತು ಎಷ್ಟು ಕಾಲವಾಗಿತ್ತೋ. ಮನಸ್ಸಿಗೆ ಅಷ್ಟು ಜಾಗ ಸಿಕ್ಕಿದ ಮೇಲೆ ಅಲ್ಲಿಗೆ ಬೇಡವಾದದ್ದೂ ಒಂದು ಬಂದು ಕೂತುಕೊಂಡಿತು.

ಹೋದ ಬೆಳೆ. ಒಂದು ಸಂಜೆ. ಕೊಟ್ಟಿಗೆಯಲ್ಲಿ ಸೊಳ್ಳೆಯೆಂದು ಹಚ್ಚಿದ್ದ ಸೊಳ್ಳೆಬತ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹುಳು ನೋಡಲು ಬಂದಿದ್ದಳು. ಬಾಗಿಲಲ್ಲಿ ಫೋನು ಕೂಗಿತ್ತು. ಕೈ ಖಾಲಿ ಮಾಡಿಕೊಳ್ಳಲು ಬತ್ತಿಯನ್ನು ಒಳಗಿನ ಕಿಟಕಿಯ ಮೇಲಿಟ್ಟು, ಮಾತಾಡುತ್ತಲೇ ಹೊರಗೆ ಹೋಗಿದ್ದಳು. ರೇಷ್ಮೆ ಹುಳುವಿಗೆ ಆ ಹೊಗೆ ವಿಷ. ಬೆಳಗ್ಗೆ ಕಿಟಕಿಯ ಮೇಲೆ ಸುರುಳಿ ಬೂದಿ ಇತ್ತು. ಅದನ್ನು ಸೆರಗಿನಿಂದ ಒರೆಸಿದ್ದಳು ಕೂಡ. ಒರೆಸುತ್ತಲೇ ಸೊಸೆಯನ್ನು ಬೈಯುತ್ತಿದ್ದಳು.

ಪುಟ್ಟಬಸಮ್ಮನ ಕೈ ನಿಂತಿತು. ಎದುರಿಗೆ ನಾಗಲಕ್ಷ್ಮಿ ತಲೆ ಬಗ್ಗಿಸಿ ಹುಳು ಎತ್ತುತ್ತಿದ್ದಳು. ಹೇಳಬೇಕು ಅನ್ನಿಸಿತು. ಇನ್ನೊಂದು ಹುಳು ಎತ್ತಿದಳು.

ಸಂಜೆ ಮಹದೇವ ಬಂದ. ಹುಳುಮನೆಯ ಹೊರಗೆ ಸತ್ತ ಹುಳುಗಳ ಕುಪ್ಪೆ ನೋಡಿ ಅಲ್ಲೇ ನಿಂತ. ಶಾಂತರಾಜು ಔಷಧಿ ಹೊಡೆದದ್ದು ಅವನಿಗೂ ಗೊತ್ತಿತ್ತು. ಹೆಂಡತಿಯ ಕಡೆ ತಿರುಗಿ, “ಬೇಲಿ ಸೊಪ್ಪು ಯಾವ್ದು ಒಳಗಿನ್ ಸೊಪ್ಪು ಯಾವ್ದು ಅಂತಾನೂ ಗೊತ್ತಾಗಕಿಲ್ವಾ ನಿಂಗೆ?” ಎಂದ. ಸೊಪ್ಪು ತರುವುದು ಅವಳ ಕೆಲಸ ತಾನೆ? ಅವನು ಹಾಗೆಂದುಕೊಂಡದ್ದರಲ್ಲಿ ತಪ್ಪಿಲ್ಲ. ನಾಗಲಕ್ಷ್ಮಿ ಅತ್ತೆಯ ಮುಖ ನೋಡದೆ ಹುಳು ಎತ್ತುತ್ತಲೇ ಇದ್ದಳು. ಆಗ ಕೊಟ್ಟಿಗೆಯಲ್ಲಿ ಹಸು ಇನ್ನೊಮ್ಮೆ ಕೂಗಿತು. “ಹಾಲ್ ಕರೀಬೇಕು” ಎಂದು ಪುಟ್ಟಬಸಮ್ಮ ಎದ್ದು ಹೋದಳು.

ಕೊಟ್ಟಿಗೆಯಲ್ಲಿ ಕೆಚ್ಚಲಿಗೆ ಕೈ ಹಾಕಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹತ್ತು ಕೆಲಸ ಇಟ್ಟುಕೊಂಡವಳಿಗೆ ಯಾವಾಗಲೂ ಓಡಿಹೋಗಲು ಒಂದು ಕೆಲಸ ಇದ್ದೇ ಇರುತ್ತದೆ. ಗಂಡ ಸತ್ತ ದಿನವೂ ಅವಳು ಅತ್ತದ್ದು ಕಡಿಮೆ, ದನಕ್ಕೆ ನೀರು ಕುಡಿಸಲು ಎದ್ದಿದ್ದಳು. ಅದಕ್ಕೇ ಊರು ಅವಳನ್ನು ಗಟ್ಟಿಗಿತ್ತಿ ಎಂದು ಕರೆದಿತ್ತು.

ಮಿಕ್ಕ ಎರಡು ಅಟ್ಟಣೆ ಉಳಿದವು. ಮೊದಲನೆಯದರಲ್ಲಿ ಆರಿಸಿ ಎತ್ತಿದ ಹುಳುಗಳನ್ನು ನಾಗಲಕ್ಷ್ಮಿ ಬೇರೆಯೇ ಇಟ್ಟು ಸಾಕಿದಳು. ಅವು ತಿಂದವು, ಆದರೆ ಮೆಲ್ಲಗೆ ತಿಂದವು. ಮಹದೇವ ಟ್ರ್ಯಾಕ್ಟರ್‌ನವನ ಜೊತೆ ಫೋನಿನಲ್ಲಿ ಮಾತಾಡಿದ್ದು ಪುಟ್ಟಬಸಮ್ಮನಿಗೆ ಕೇಳಿಸಿತು.

ಹುಳು ಹಣ್ಣಾದ ದಿನ ಅಕ್ಕಪಕ್ಕದ ಹೆಂಗಸರೆಲ್ಲ ಬಂದರು. ನಮ್ಮ ಕಡೆ ಆ ದಿನ ಕರೆಯದಿದ್ದರೂ ಬರುತ್ತಾರೆ, ಹಣ್ಣು ಹುಳು ಯಾರನ್ನೂ ಕಾಯುವುದಿಲ್ಲ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾದ ಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ದೊಡ್ಡ ತಟ್ಟಿ, ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುತ್ತಿ ನಿಲ್ಲಿಸಿರುತ್ತಾರೆ, ಆ ಸಂದಿಗಳಲ್ಲಿ ಹುಳು ಗೂಡು ಕಟ್ಟುತ್ತದೆ. ಸೂರಿನಡಿಯ ನೆರಳಿನಲ್ಲಿ ಚಂದ್ರಿಕೆಗಳು ಸಾಲಾಗಿ ನಿಂತವು. ಪುಟ್ಟಬಸಮ್ಮ ಎಂದಿನಂತೆ ಒಂದು ಕಡೆ ಹುಳು ಆರಿಸುತ್ತ, ಬಂದವರಿಗೆ ಕಾಫಿ ಕಾಸಲು ಹೊರಟಿದ್ದಳು. ನಾಗಲಕ್ಷ್ಮಿ ಅವಳ ಕೈ ಹಿಡಿದು ಕಡೆಯ ಚಂದ್ರಿಕೆಯ ಮುಂದೆ ತಂದು ಕೂರಿಸಿದಳು.

“ಇವು ಔಸ್ದಿ ಸೊಪ್ಪು ತಿಂದವು ಅತ್ತೆ. ಶಕ್ತಿ ಇಲ್ದೆ ಬಿದ್ದೋಯ್ತವೆ. ಬಿದ್ದವ್ನ ಎತ್ತಿ ಬುಡ್ಬೇಕು, ಇರುವೆ ಬರ್ದಂಗೆ ನೋಡ್ಕಬೇಕು. ನೀವು ಇದೊಂದ್ ಕಾಯ್ಕಳಿ. ಕಾಫಿ ನಾ ಕಾಸ್ತಿನಿ.”

ಪುಟ್ಟಬಸಮ್ಮ ಕೂತಳು.

ಬೇರೆ ಚಂದ್ರಿಕೆಗಳಲ್ಲಿ ಆಗಲೇ ಎಳೆ ಎಳೆ ಮಂಜು ಕವಿದಂತೆ ನೂಲು ಹರಡತೊಡಗಿತ್ತು. ಇವಳ ಮುಂದಿನದರಲ್ಲಿ ಏನೂ ಇಲ್ಲ. ಹುಳುಗಳು ಸಂದಿಯಲ್ಲಿ ಸುಮ್ಮನೆ ಬಿದ್ದಿದ್ದವು. ಒಂದು ಜಾರಿ ಬಿತ್ತು, ಎತ್ತಿ ಬಿಟ್ಟಳು. ಮತ್ತೆ ಬಿತ್ತು, ಮತ್ತೆ ಬಿಟ್ಟಳು. ಇವುಗಳ ಹೊಟ್ಟೆಯಲ್ಲಿ ನೂಲೇ ಉಳಿದಿಲ್ಲವೇನೋ, ನನ್ನ ಕೈಯಿಂದ ಆದದ್ದು ಇದು ಎಂದುಕೊಂಡಳು. ಎದ್ದು ಹೋಗಬೇಕು ಅನ್ನಿಸಿತು. ಯಾವ ಕೆಲಸಕ್ಕೆ ಹೋಗಲಿ ಎಂದು ಸುತ್ತ ನೋಡಿದಳು. ಎಲ್ಲ ಕೆಲಸಕ್ಕೂ ಜನವಿದ್ದರು.

ಹಾಗಾಗಿ ಅವಳು ಹುಳುವನ್ನೇ ನೋಡಿದಳು. ಪದೇ ಪದೇ ಬಿದ್ದ ಆ ಒಂದು ಹುಳು ತಲೆ ಎತ್ತಿತು. ಎತ್ತಿ, ಏನನ್ನೋ ಹುಡುಕುವಂತೆ ಗಾಳಿಯಲ್ಲಿ ಮೆಲ್ಲಗೆ ಆಡಿಸಿತು. ಬಿದಿರಿನ ಪಟ್ಟಿಗೆ ಬಾಯಿ ತಾಗಿಸಿತು. ತಲೆಯನ್ನು ಹಿಂದಕ್ಕೆ ಎಳೆಯಿತು. ಬಾಯಿಗೂ ಬಿದಿರಿಗೂ ನಡುವೆ ಏನೋ ಹೊಳೆಯಿತು. ಪುಟ್ಟಬಸಮ್ಮ ಬಗ್ಗಿದಳು. ನೂಲು! ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಂಥ ಹಳದಿ ನೂಲು. ಹುಳು ತಲೆಯನ್ನು ಎದುರು ಪಟ್ಟಿಗೆ ಒಯ್ದು ಅಲ್ಲಿ ಅಂಟಿಸಿತು. ಮತ್ತೆ ಈ ಕಡೆ. ಮತ್ತೆ ಆ ಕಡೆ. ಮೇಲೆ, ಕೆಳಗೆ, ನಾಲ್ಕು ಕಡೆಯೂ ನೂಲು ಕಟ್ಟಿ ಗಾಳಿಯ ನಡುವೆ ತನಗೊಂದು ಜಾಗ ಮಾಡಿಕೊಂಡಿತು.

ಅಬ್ಬಾ ಶಿವನೇ! ಇಷ್ಟು ಬೆಳೆ ತೆಗೆದಿದ್ದಳು, ಎಣಿಸಲಾರದಷ್ಟು ಗೂಡು ಬಿಡಿಸಿದ್ದಳು, ಒಂದು ಹುಳು ಗೂಡು ಕಟ್ಟುವುದನ್ನು ಅವಳು ಒಂದು ಸಲವೂ ಕೂತು ನೋಡಿರಲಿಲ್ಲ. ಚಂದ್ರಿಕೆಗೆ ಬಿಟ್ಟ ಮೇಲೆ ಬೇರೆ ಕೆಲಸಕ್ಕೆ ಹೋಗುತ್ತಿದ್ದಳು, ಬಂದಾಗ ಗೂಡು ಆಗಿರುತ್ತಿತ್ತು. ನಡುವೆ ಏನು ನಡೆಯುತ್ತದೆ ಎಂದು ಕೇಳಿದ್ದರೆ ಹುಳು ನೂಲು ಬಿಡುತ್ತದೆ ಎಂದು ಹೇಳುತ್ತಿದ್ದಳು. ಆದರೆ ಹೀಗೆ ಬಿಡುತ್ತದೆಯೇ! ತಲೆ ಅತ್ತ, ತಲೆ ಇತ್ತ, ಒಂದು ಎಳೆಯನ್ನೂ ತುಂಡು ಮಾಡದೆ, ಒಂದು ಚಣವೂ ನಿಲ್ಲಿಸದೆ. ಪಕ್ಕದ ಹುಳು ಜಾರಿ ಅದರ ಮೈ ಮೇಲೆ ಬಿತ್ತು. ಅದು ನಿಲ್ಲಲಿಲ್ಲ. ಹೆಂಗಸರ ನಗು, ಲೋಟದ ಸದ್ದು, ಬೀದಿಯಲ್ಲಿ ಹಾದು ಹೋದ ಟೆಂಪೋದ ಹಾರನ್ನು, ಯಾವುದೂ ಅದಕ್ಕಿಲ್ಲ. ವಿಷ ತಿಂದ ಹುಳು ಅದು. ಅದರ ಮೈಯಲ್ಲಿ ಉಳಿದಿದ್ದ ಅಷ್ಟೂ ಜೀವ ಆ ಒಂದು ಎಳೆಯಲ್ಲಿತ್ತು.

ಅದರ ಪಕ್ಕ ಇನ್ನೊಂದು ತಲೆ ಎತ್ತಿತು. ಆಮೇಲೆ ಮತ್ತೊಂದು. ಎಲ್ಲವೂ ಅಲ್ಲ, ಕೆಲವು ಅಲ್ಲೇ ತಣ್ಣಗಾದವು. ಆದರೆ ನೂಲುವವು ನೂಲುತ್ತಲೇ ಇದ್ದವು. ಪುಟ್ಟಬಸಮ್ಮ ಉಸಿರು ಬಿಗಿ ಹಿಡಿದು ನೋಡಿದಳು. ಕಣ್ಣಲ್ಲಿ ನೀರು ಇಳಿಯುತ್ತಿದ್ದದ್ದು ಗಲ್ಲ ಒದ್ದೆಯಾದ ಮೇಲೆ ತಿಳಿಯಿತು. ಯಾರೋ ಕಾಫಿ ತಂದು ಪಕ್ಕದಲ್ಲಿಟ್ಟು ಹೋದರು. ಅದು ಆರಿ ಕೆನೆಗಟ್ಟಿತು.

ಇಳಿಹೊತ್ತಿಗೆ ಮೊದಲ ಹುಳುವಿನ ಸುತ್ತ ತೆಳ್ಳನೆಯ ಹಳದಿ ಪರದೆ ನಿಂತಿತ್ತು. ಒಳಗೆ ತಲೆ ಆಡುತ್ತಿರುವುದು ಇನ್ನೂ ನೆರಳಿನಂತೆ ಕಾಣುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಮನೆಗೆ ಹೊರಟಿದ್ದರು. ಮಹದೇವ ಆಟೊ ನಿಲ್ಲಿಸಿ ಬಂದು ಚಂದ್ರಿಕೆಗಳ ಸಾಲನ್ನು ನೋಡಿ, ಹೆಂಡತಿಯ ಕಡೆ ನೋಡದೆ, ಅವ್ವನಿಗೆ ಹೇಳಿದ:

“ಪರ್ವಾಗಿಲ್ಲ, ವಸಿ ಉಳ್ದದೆ. ಆದ್ರೂ ಅವ್ವ, ಟ್ರ್ಯಾಕ್ಟರ್ನೋನು ನಾಳಿದ್ ಬರ್ಲಾ ಅಂತವ್ನೆ. ಬರೋ ಅಂದ್ಬುಡ್ತಿನಿ. ಇವಳ ಕೈಲಿ ಹುಳ ಸಾಕದು ಆಗ ಮಾತಲ್ಲ.”

ಪುಟ್ಟಬಸಮ್ಮ ಏಳಲಿಲ್ಲ. ಹುಳುವಿನ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ.

“ಲೋ ಮಾದೇವ, ಇಲ್ಲಿ ಕೇಳು. ಆವತ್ತು ಬೇಲಿ ಸೊಪ್ಪ ಕುಯ್ದೋಳು ನಾನು ಕಣ್ಲಾ. ಶಾಂತರಾಜು ಮುಟ್ಬ್ಯಾಡಿ ಅಂತ ಯೋಳಿದ್ದ. ನನ್ ಕಿವಿ ಫೋನಲ್ಲಿತ್ತು.”

ಮಹದೇವ ಅವ್ವನ ಹತ್ತಿರಕ್ಕೆ ಬಂದ.

“ಓದ್ ಬೆಳೇಲಿ ಸತ್ತವಲ್ಲ, ಅವೂ ನನ್ ಕೈಲೇಯ. ಸೊಳ್ಳೆಬತ್ತಿ ಕಿಟ್ಕಿ ಮ್ಯಾಲೆ ಮಡಗಿ ಮರ್ತಿದ್ದೆ. ಬೈಸ್ಕಂಡೋಳು ಇವ್ಳು. ಇವ್ಳದು ಏನೂ ಇಲ್ಲ ಕಣ್ಲಾ. ಏನಂದ್ರೆ ಏನೂ ಇಲ್ಲ.”

ಮಹದೇವ ಹೆಂಡತಿಯ ಕಡೆ ತಿರುಗಿದ. ಅವಳು ಉಳಿದ ಒಂದು ಹಣ್ಣು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಚಂದ್ರಿಕೆಯಲ್ಲಿ ಖಾಲಿ ಸಂದಿ ಹುಡುಕುತ್ತಿದ್ದಳು.

“ಸೊಪ್ಪಿನ್ದು ನಿಂಗ್ ಗೊತ್ತಿತ್ತಾ?”

ನಾಗಲಕ್ಷ್ಮಿ ಹುಳುವನ್ನು ಸಂದಿಗೆ ಬಿಟ್ಟಳು. ಅದು ಕಾಲೂರಿದ್ದನ್ನು ನೋಡಿದಳು. ಆಮೇಲೆ “ಊ” ಎಂದಳು.

“ಮತ್ತೆ ಅವತ್ತು ನಾನ್ ಬೈವಾಗ ಯಾಕ್ ಯೋಳ್ನಿಲ್ಲ?”

“ಅವತ್ತು ಹುಳ ಎತ್ತದು ಇತ್ತು” ಎಂದಳು ನಾಗಲಕ್ಷ್ಮಿ.

ಪುಟ್ಟಬಸಮ್ಮ ಮೊದಲ ಸಲ ಹುಳುವನ್ನು ಬಿಟ್ಟು ಸೊಸೆಯ ಮುಖ ನೋಡಿದಳು. ಎರಡು ವರ್ಷ ಒಂದೇ ಸೂರಿನಡಿ ಇದ್ದ ಮುಖ. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಕಲೆ ಇತ್ತು. ಅದನ್ನು ಅವಳು ಅಂದೇ ಕಂಡದ್ದು.

“ಸೊಪ್ಪ ಕೀಳ್ಸದೋ ಬ್ಯಾಡ್ವೋ ಅಂತ ನನ್ನ ಕೇಳ್ಬ್ಯಾಡ ಕಣ್ಲಾ” ಎಂದಳು ಪುಟ್ಟಬಸಮ್ಮ. “ಅವಳ್ನ ಕೇಳು.”

ಮಹದೇವ ಕೇಳಲಿಲ್ಲ, ಹೆಂಡತಿಯ ಕಡೆ ನೋಡಿದನಷ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಸೊಪ್ಪ ಇರ್ಲಿ. ಮುಂದಿನ್ ಬೆಳೆ ನಾನೇ ನೋಡ್ಕತಿನಿ. ಅತ್ತೇನೂ ಬರ್ಲಿ.” ಆಮೇಲೆ ಅತ್ತೆಗೇ ಹೇಳಿದಳು: “ಬರ್ವಾಗ ಮಿಕ್ಕಿದ್ ಕೆಲ್ಸನೆಲ್ಲ ಆಚೆ ಬುಟ್ಟು ಬನ್ನಿ ಅತ್ತೆ.”

ಪುಟ್ಟಬಸಮ್ಮ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಗಂಡ ಸತ್ತಾಗ, ನೆಂಟರು ಕೈ ಬಿಟ್ಟಾಗ, ಹೊಲ ಮನೆ ದನ ಮಗು ಎಲ್ಲ ಒಟ್ಟಿಗೆ ತಲೆಯ ಮೇಲೆ ಬಿದ್ದಾಗ ಅವಳು ಯಾರನ್ನೂ ಕೇಳದ ಒಂದು ಮಾತನ್ನು ಈಗ ಕೇಳಿದಳು.

“ನನ್ ಕೈಲಿ ಆಯ್ತದಾ ಅಮ್ಮಿ?”

“ಕಾಣೆ ಕಣತ್ತೆ” ಎಂದಳು ನಾಗಲಕ್ಷ್ಮಿ. “ಇವತ್ತು ಆಯ್ತಲ್ಲ.”